ಉಪ್ಪುನೀರಿನ ಸಾಲು

ವಿಜಯಪುರದ ಜೋರಾಪುರ ಪೇಟೆಯ ಮೇಘಾ, ಸ್ಟೇಷನ್ ರಸ್ತೆಯ ಸಣ್ಣದೊಂದು ಕಚೇರಿಯಲ್ಲಿ ಬರೆಯುವ ಕೆಲಸಕ್ಕಿದ್ದಳು. ಆ ಕಚೇರಿಯವರು ನಡೆಸುತ್ತಿದ್ದುದು ರೈತರಿಗಾಗಿ ಒಂದು ಕನ್ನಡ ವೆಬ್‌ಸೈಟು. ದ್ರಾಕ್ಷಿಗೆ ಬರುವ ರೋಗ, ಕುರಿಗೆ ಹಾಕಿಸುವ ಲಸಿಕೆ, ಹಾವು ಕಚ್ಚಿದರೆ ಏನು ಮಾಡಬೇಕು, ಎಲ್ಲ ಅವಳೇ ಬರೆದ ಪುಟಗಳು. ಬರೆದದ್ದನ್ನು ಸಂಜೆ ತಾಯಿ ಚಂದ್ರಾಬಾಯಿಗೆ ಓದಿ ಹೇಳುತ್ತಿದ್ದಳು. ಓದು ಬಾರದ ಆಕೆ "ಇದು ತಿಳೀಲಿಲ್ಲ ನೋಡವ್ವಾ" ಎಂದರೆ ಆ ಸಾಲು ಬದಲಾಗುತ್ತಿತ್ತು.

ಆಮೇಲೆ ಎಐ ಬಂತು. ಮೊಬೈಲಿನಲ್ಲಿ ಏನು ಕೇಳಿದರೂ ಉತ್ತರ ಮೇಲ್ಗಡೆಯೇ ಸಿದ್ಧವಾಗಿ ಕಾಣತೊಡಗಿತು. ಪುಟ ತೆರೆದು ಓದುವವರು ಕರಗುತ್ತ ಹೋದರು. ಕಚೇರಿಯ ಯಜಮಾನ ಪ್ರತಾಪನಿಗೆ ದಿಕ್ಕು ತೋಚದಂತಾಯಿತು.

"ಮೇಘಾ, ಇನ್ನ ಮಂದಿ ನಮ್ಮ ಪುಟಕ್ಕ ಬರೂದಿಲ್ಲ. ಎಐ ಓದತೈತಿ, ಅದ ಮಂದಿಗೆ ಹೇಳತೈತಿ. ಅದಕ್ಕ ಎತ್ಕೊಳ್ಳಾಕ ಸಲೀಸ ಆಗೂವಂಗ ತುಂಡ ತುಂಡ ಬರಿ. ಇಲ್ಲಂದ್ರ ಆಫೀಸಿಗೆ ಕೀಲಿ ಹಾಕೂದ."

ಕೆಲಸ ಹೋದೀತೆಂದು ಹೆದರಿದ ಮೇಘಾ ಹಳೆಯ ಪುಟಗಳನ್ನು ಕತ್ತರಿಸಲು ಕುಳಿತಳು. ಓದುವ ಮನುಷ್ಯರೇ ಇಲ್ಲದ ಮೇಲೆ ತಾಯಿಗೆ ಓದಿ ಹೇಳುವುದಾದರೂ ಏಕೆಂದು ಅದನ್ನೂ ಬಿಟ್ಟಳು. ಕೀಟನಾಶಕ ಹೊಡೆಯುವಾಗ ತಲೆ ತಿರುಗಿದರೆ ಏನು ಮಾಡಬೇಕೆಂಬ ಪುಟದಲ್ಲಿ, 'ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾರಲ್ಲ, ಅದನ್ನು ಮಾಡಲೇಬಾರದು' ಎಂದಿತ್ತು. ಅದೀಗ ಎರಡು ತುಂಡಾಯಿತು. 'ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ರೂಢಿಯಲ್ಲಿರುವ ಉಪಾಯ. ಇದು ಅಪಾಯಕಾರಿ.'

ಒಂದು ಮುಂಜಾನೆ ಕಚೇರಿಯ ಫೋನು ರಿಂಗಾಯಿತು. ಹೆಣ್ಣು ದನಿ, ಏದುಸಿರು.

"ಅಕ್ಕಾರ, ಉಪ್ಪ ಎಷ್ಟ ಹಾಕಬೇಕ್ರಿ? ಮೊಬೈಲಿನ್ಯಾಗ ಅದನ್ನ ಹೇಳಿಲ್ರಿ. ಕೆಳಗಿನ ಹೆಸರ ಒತ್ತಿದ್ರ ನಿಮ್ಮ ನಂಬರ ಬಂತು."

"ಯಾವ ಉಪ್ಪರಿ?"

"ನಮ್ಮ ಮನಿಯವರು ದ್ರಾಕ್ಷಿಗೆ ಹುಳದ ಎಣ್ಣಿ ಹೊಡ್ಯಾಕತ್ತಿದ್ರು, ತಲಿ ತಿರಗಿ ಬಿದ್ದಾರ್ರಿ. ಉಪ್ಪನೀರ ಕುಡಸ್ರಿ ಅಂತ ಬಂದೈತಿ. ಒಂದ ಲೋಟಾ ಕುಡಸೇನಿ."

ಮೇಘಾ ಕೂಗಿದಳು. "ಬ್ಯಾಡ್ರಿ! ಏನೂ ಕುಡಸಬ್ಯಾಡ್ರಿ! ಅಂಗಿ ಬಿಚ್ಚಿ ಸಬಕಾರ ಹಚ್ಚಿ ಮೈ ತೊಳೀರಿ, ಎಣ್ಣಿ ಬಾಟ್ಲಿ ತಗೊಂಡ ದವಾಖಾನಿಗೆ ಹೋಗ್ರಿ! ಯಾವೂರ್ರಿ ನಿಮ್ದು?"

"ಟಿಕೋಟಾ..." ಎಂದದ್ದಷ್ಟೇ ಕೇಳಿಸಿತು. ಹಿಂದೆಯೇ ಒಂದು ಚೀತ್ಕಾರ, ಆಮೇಲೆ ಫೋನು ಕಟ್ಟಾಯಿತು. ತಿರುಗಿ ಹಚ್ಚಿದರೆ ಯಾರೂ ಎತ್ತಲಿಲ್ಲ.

ಮೇಘಾ ತನ್ನ ಮೊಬೈಲಿನಲ್ಲಿ ಅದೇ ಪ್ರಶ್ನೆ ಕೇಳಿದಳು. ಮೇಲ್ಗಡೆಯೇ ಅವಳ ಸಾಲಿತ್ತು. 'ಅಪಾಯಕಾರಿ' ಎಂಬ ತುಂಡು ಎಲ್ಲೋ ಬಿದ್ದುಹೋಗಿತ್ತು.

ಪ್ರತಾಪ ಅದನ್ನು ನೋಡಿದವನೇ ಬೈಕು ತೆಗೆದ. ಟಿಕೋಟಾದ ದಾರಿಯುದ್ದಕ್ಕೂ ಮೇಘಾ ಎದುರಿಗೆ ಬರುವ ಪ್ರತಿ ಗಾಡಿಯೊಳಗೂ ಇಣುಕಿದಳು. ಯಾರ ಮುಖ ಹುಡುಕುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಸತ್ತಿದ್ದರೆ? ಆ ಹೆಂಗಸಿನೆದುರು ಏನೆಂದು ನಿಲ್ಲುವುದು?

ಟಿಕೋಟಾದ ದವಾಖಾನೆಯ ಕಟ್ಟೆಯ ಮೇಲೆ ಹಸಿ ಸೀರೆಯಲ್ಲೇ ಒಬ್ಬಳು ಕುಳಿತಿದ್ದಳು. ಚಂದ್ರಕಲಾ ಎಂದು ಹೆಸರು; ಬಬಲೇಶ್ವರದ ದಾರಿಯಲ್ಲಿ ಅವರ ತೋಟ. ಗಂಡ ಸುಭಾಷನನ್ನು ಒಳಗೆ ಮಲಗಿಸಿದ್ದರು. ಅರೆಪ್ರಜ್ಞೆಯಲ್ಲಿ ವಾಂತಿಯಾಗಿ ಅದು ಉಸಿರಿನ ದಾರಿಗೆ ಇಳಿದಿತ್ತು. ವಿಜಯಪುರಕ್ಕೆ ಒಯ್ಯಲು ಆಂಬುಲೆನ್ಸ್ ಬರುವುದಿತ್ತು.

"ಫೋನಿನ್ಯಾಗ ಮಾತಾಡಿದಾಕಿ ನಾನರಿ" ಎಂದಳು ಮೇಘಾ.

ಚಂದ್ರಕಲಾ ಅವಳ ಕೈ ಹಿಡಿದುಕೊಂಡಳು. "ನೀವ ಹೇಳಿದ್ದಕ್ಕ ಎರಡನೇ ಲೋಟಾ ಚೆಲ್ಲಿದೆ ಅಕ್ಕಾರ."

ಆ ಕೃತಜ್ಞತೆ ಮೇಘಾಳಿಗೆ ಚೂರಿಯಂತೆ ಚುಚ್ಚಿತು. "ಮೊದಲನೇ ಲೋಟಾನೂ ನಂದರಿ. ಆ ಸಾಲ ಬರದಾಕಿ ನಾನ. ಮುಂದ ಬ್ಯಾಡ ಅಂತ ಬರದಿದ್ದೆ, ಅದ ಹಾರಿ ಹೋಗೇತಿ."

ಹಿಡಿದ ಕೈ ಮೆಲ್ಲಗೆ ಸಡಿಲಾಯಿತು. ಚಂದ್ರಕಲಾ ಬಾಗಿಲಿನತ್ತ ನೋಡುತ್ತ ಅಂದಳು: "ಮೊದಲ ಅದನ್ನ ತಗೀರಿ. ಎಲ್ಲಾರ ತ್ವಾಟದಾಗ ಎಣ್ಣಿ ಹೊಡ್ಯಾಕತ್ತಾರ. ಇನ್ಯಾರರ ನೋಡ್ಯಾರು."

ಮೇಘಾ ಅಲ್ಲೇ ಕಟ್ಟೆಯ ಮೇಲೆ ಕುಳಿತು, ಮೊಬೈಲಿನಲ್ಲೇ ಪುಟ ತಿದ್ದಿದಳು. 'ಏನನ್ನೂ ಕುಡಿಸಬೇಡಿ' ಎಂಬುದು ಮೊದಲ ಸಾಲಾಯಿತು. ಆದರೆ ಮೊಬೈಲು ಹೇಳುವ ಉತ್ತರ ಬದಲಾಗಲಿಲ್ಲ. ತಪ್ಪಾಗಿದೆ ಎಂದು ಒತ್ತಿ ತಿಳಿಸಿದರೂ ಅಷ್ಟೇ. ದಿನವೂ ಎದ್ದ ಕೂಡಲೇ ಮೊಬೈಲಿಗೆ ಅದೇ ಪ್ರಶ್ನೆ ಕೇಳುತ್ತಿದ್ದಳು. ತಾನು ಬರೆದದ್ದು ತನ್ನ ಕೈಗೇ ಸಿಗದೆ ಊರೂರು ತಿರುಗುತ್ತಿತ್ತು. ಒಂದು ದಿನ, ಯಾಕೆಂದು ಯಾರಿಗೂ ತಿಳಿಯದಂತೆ, ಆ ಉತ್ತರ ಬದಲಾಯಿತು.

ಸುಭಾಷ ಉಳಿದ. ಆದರೆ ತೋಟದಲ್ಲಿ ನಾಲ್ಕು ಹೆಜ್ಜೆ ನಡೆದರೂ ಅವನಿಗೆ ಕೆಮ್ಮು ಒತ್ತರಿಸಿ ಬರುತ್ತದೆ. ತುಂಡು ಬರಹ ಬೇಡವೆಂದು ಪ್ರತಾಪನೇ ಹೇಳಿದ. ಕಚೇರಿ ಎಷ್ಟು ದಿನ ನಡೆದೀತೋ ಗೊತ್ತಿಲ್ಲ. ಮೇಘಾ ಈಗ ಕತ್ತರಿಸಿದ ಪುಟಗಳನ್ನು ಒಂದೊಂದಾಗಿ ತೆರೆಯುತ್ತಿದ್ದಾಳೆ. ನಿನ್ನೆ ಹಾವು ಕಡಿತದ ಪುಟ ತೆರೆದಳು. ಮೊದಲ ಸಾಲು ಹೀಗಿತ್ತು: 'ಕಚ್ಚಿದ ಜಾಗ ಕೊಯ್ದು ವಿಷ ಹೀರುವುದು ರೂಢಿಯಲ್ಲಿರುವ ಉಪಾಯ.' 'ಅಪಾಯಕಾರಿ' ಎಂಬುದು ಎರಡನೆಯ ತುಂಡಿನಲ್ಲಿತ್ತು.