ಈರವ್ವನ ಬೆರಳಿಗೆ ಹತ್ತು ದಿನದ ರಜೆ

ಈರವ್ವ ನಮ್ಮ ಪಕ್ಕದ ಮನೆಯವಳು. ನಲವತ್ತು ವರ್ಷ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಬೆಳಗಾಗಿದೆ. ಜ್ವರ ಬಂದ ದಿನವೂ ಆ ಸಪ್ಪಳ ನಿಂತದ್ದಿಲ್ಲ.

ಬರದ ವರ್ಷ, ತವರಿನಿಂದ ಅವಳಿಗೆ ಬಂದ ಹೊಲದಲ್ಲಿ ಹೆಸರು ಬೆಳೆ ಒಣಗಿ ಹೋಯಿತು. ಪರಿಹಾರದ ಹಣ ಅವಳ ಖಾತೆಗೆ ಬಿದ್ದದ್ದು ಮರುವರ್ಷ, ಬಿತ್ತುವ ಹೊತ್ತಿಗೆ. ಅದು ಕೈಗೆ ಬಂದರೇನೇ ಬೀಜ. ಗಂಡ ನೀಲಕಂಠಪ್ಪನನ್ನೂ ನನ್ನನ್ನೂ ಕರೆದುಕೊಂಡು ರಾಯಾಪುರಕ್ಕೆ ಹೋದಳು. ಅಲ್ಲಿ ಗುಲ್ನಾಜ ಎಂಬ ಹುಡುಗಿ ಬ್ಯಾಂಕಿನ ಪರವಾಗಿ ಮಷೀನಿಗೆ ಬೆರಳು ಒತ್ತಿಸಿಕೊಂಡು ಹಣ ಕೊಡುತ್ತಾಳೆ. ಈರವ್ವ ಹತ್ತೂ ಬೆರಳು ಒತ್ತಿದಳು. ಹತ್ತು ಸಲವೂ ಮಷೀನಿನಲ್ಲಿ ಕೆಂಪು ದೀಪ.

"ಅಮ್ಮಾರ, ನಿಮ್ಮ ಬೆರಳಾಗ ಗೆರಿನ ಇಲ್ರಿ. ರೊಟ್ಟಿ ಬಡದು ಬಡದು ಸವದಾವು," ಎಂದಳು ಗುಲ್ನಾಜ.

"ನಾ ಎದರಿಗೇ ಕುಂತೇನಲ್ಲವಾ! ನನ್ನ ಮಾರಿ ನೋಡಂತ ಹೇಳು ಅದಕ್ಕ."

"ಮಾರಿ ಅದಕ್ಕ ತಿಳಿಯಂಗಿಲ್ರಿ. ಹತ್ತು ದಿನ ಕೈಗೆ ಕೆಲಸ ಕೊಡಬ್ಯಾಡ್ರಿ, ಎಣ್ಣಿ ಹಚ್ರಿ. ಗೆರಿ ಬಂದ್ರ ಬಂದಾವು."

ಅಂದಿನಿಂದ ಆ ಬೆರಳುಗಳಿಗೆ ಬಾಣಂತಿಯ ಆರೈಕೆ. ದಿನಕ್ಕೆ ಎರಡು ಸಲ ನಾನೇ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದೆ. ಹಾದಿಯಲ್ಲಿ ಹೋಗುವವರು ಈರವ್ವನನ್ನು ಬಿಟ್ಟು ಬೆರಳನ್ನು ವಿಚಾರಿಸುತ್ತಿದ್ದರು. ಹಿಂದಿನ ಮನೆಯ ಹೊಳೆಯಪ್ಪ ಭೂತಗನ್ನಡಿ ಹಿಡಿದು ನೋಡಿ, "ಎಡಗೈ ಹೆಬ್ಬೆರಳಾಗ ಒಂದ್ ಗೆರಿ ಮೊಳತೈತಿ!" ಎಂದು ಓಣಿಗೆಲ್ಲ ಸಾರಿದ. ರೊಟ್ಟಿ ಬಡಿಯುವ ಪಾಳಿ ನೀಲಕಂಠಪ್ಪನದು. ಮೊದಲನೆಯದು ಹಂಚು ಮುಟ್ಟುವ ಮೊದಲೇ ಮೂರು ಹೋಳಾಯಿತು. ಈರವ್ವ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದಳು, ಇಲ್ಲದಿದ್ದರೆ ಅವು ತಾವೇ ಹಿಟ್ಟಿಗೆ ಓಡುತ್ತಿದ್ದವು.

ಎಂಟನೆಯ ದಿನ ಮಳೆ ಬಿತ್ತು. ಊರೆಲ್ಲ ಬಿತ್ತಲು ಹೊರಟಿತು.

"ಇನ್ನ ಎರಡ್ ದಿನ ತಡಿಯವಾ," ಎಂದೆ.

"ನಾ ತಡದೇನ್ರಿ ಅಕ್ಕಾರ, ಹೊಲದಾನ ಹಸಿ ತಡಿತೈತೇನು?"

ಅಂದೇ ಹೊರಟೆವು. ರಾಯಾಪುರದ ಬಸ್ಸಿನಲ್ಲಿ ಬೆರಳು ಸವೆದೀತೆಂದು ಅವಳು ಕಂಬಿ ಹಿಡಿಯಲಿಲ್ಲ. ನೀಲಕಂಠಪ್ಪ ಅವಳ ರಟ್ಟೆ ಹಿಡಿದ, ನಾನು ಸೆರಗು ಹಿಡಿದೆ. ಗುಲ್ನಾಜ ಒಂದೊಂದೇ ಬೆರಳು ಒರೆಸಿ ಒತ್ತಿಸಿದಳು. ಆರನೆಯದಕ್ಕೆ ಹಸಿರು ದೀಪ ಹತ್ತಿತು. ಸಾಲಿನಲ್ಲಿ ನಿಂತವರೆಲ್ಲ ಚಪ್ಪಾಳೆ ಹೊಡೆದರು.

ಬೀಜದ ಚೀಲ ಹೊತ್ತು ಬರುವಾಗ ನೀಲಕಂಠಪ್ಪ ಮೆಲ್ಲಗೆ ಕೇಳಿದ: "ನಾಳಿಂದ ರೊಟ್ಟಿ ನೀನ ಬಡಿತಿ, ಹೌದಲ್ಲ?"

"ಎರಡನೇ ಕಂತು ಬರೂದೈತಂತ್ರಿ. ಬೆರಳು ಕೆಡಿಸ್ಕೊಳ್ಳಲೇನು?"

ಮರುದಿನ ಹೊಲದಲ್ಲಿ, ಎತ್ತು ಎಳೆಯುವ ಬಿತ್ತನೆ ಕೂರಿಗೆಯ ಹಿಂದೆ ಬೀಜ ಬಿಡಲು ಅವನೇ ಮುಂದಾದ. ಈರವ್ವ ಅವನನ್ನು ಸರಿಸಿ ಉಡಿಯಲ್ಲಿ ಬೀಜ ತುಂಬಿಕೊಂಡಳು.

"ಬೆರಳು?" ಎಂದ.

"ಅವು ರೊಟ್ಟಿಗಷ್ಟ ಸವೀತಾವು. ನೀವು ಎತ್ತು ಹೊಡೀರಿ."