ದೊಡ್ಡಮ್ಮನ ವಿಡಿಯೊಗೆ ಹಾಕಿದ ಕೊಳಲು

ನಿಟ್ಟೂರಿನ ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಸೌದೆ ಒಲೆಯಲ್ಲಿ ಅಡುಗೆ ಮಾಡುವುದನ್ನು ನಾನು ಫೋನಿನಲ್ಲಿ ಹಿಡಿದು ನನ್ನ ಅಡುಗೆ ಚಾನೆಲ್‌ಗೆ ಹಾಕಲು ಶುರುಮಾಡಿ ಆಗ ಎರಡು ವರ್ಷವಾಗಿತ್ತು. ಶನಿವಾರ ಬೆಳಿಗ್ಗೆ ತುಮಕೂರಿನ ಉಪ್ಪಾರಹಳ್ಳಿಯಿಂದ ಹೊರಟರೆ ಸಂಜೆಗೆ ಮನೆಗೆ ವಾಪಸ್. ಒಮ್ಮೆ ಸಿನಿಮಾ ಹಾಡಿನ ತುಣುಕು ಹಾಕಿ, ಈ ಸಂಗೀತ ಬೇರೆಯವರದು ಎಂಬ ನೋಟಿಸ್ ಬಂದು ವಿಡಿಯೊ ತೆಗೆದುಹಾಕಬೇಕಾಯಿತು. ಚಂದಾ ಕಟ್ಟಿದರೆ ಯಾರ ತಕರಾರೂ ಇಲ್ಲದ ಸಂಗೀತ ಕೊಡುವ ಕಂಪನಿಗಳಿವೆ ಎಂದು ಗೊತ್ತಾದದ್ದು ಆಮೇಲೆ.

ಮೂರು ಕಂಪನಿಗಳನ್ನು ಮೊದಲು ಪುಕ್ಕಟೆ ನೋಡಿ ಒಂದನ್ನು ಆರಿಸೋಣ ಎಂದುಕೊಂಡೆ. ಸಾರು ಕುದಿಯುವಷ್ಟು ಹೊತ್ತು ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿಟ್ಟು ಒಂದೊಂದೇ ಕೇಳುತ್ತಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮೊದಲನೆಯದರಲ್ಲಿ ಬರೀ ಡ್ರಮ್ಮು, ಒಗ್ಗರಣೆ ಸಿಡಿಯುವುದೇ ಕೇಳುವುದಿಲ್ಲ. ಎರಡನೆಯದರಲ್ಲಿ ನಮ್ಮ ದೇಶದ್ದು ಅಂದರೆ ಸಿತಾರ್ ಒಂದೇ. ಮುದ್ದೆ ತೊಳಸುವುದಕ್ಕೆ ಸಿತಾರ್ ಒಗ್ಗಲಿಲ್ಲ. ಮೂರನೆಯದರಲ್ಲಿ ಆ ಕೊಳಲು ಸಿಕ್ಕಿತು. ನಿಧಾನಕ್ಕೆ ಏರುತ್ತದೆ, ಏರಿದಲ್ಲೇ ನಿಂತುಬಿಡುತ್ತದೆ, ಇಳಿಯುವುದಿಲ್ಲ.

ದೊಡ್ಡಮ್ಮ ಒಲೆಯ ಮುಂದಿನಿಂದ ಎದ್ದುಹೋದ ಮೇಲೂ ಫೋನು ಆಫ್ ಮಾಡಲು ಮರೆತಿದ್ದ ಒಂದು ತುಣುಕಿತ್ತು. ಖಾಲಿ ಮಣೆ, ಸುಮ್ಮನೆ ಮೇಲೇಳುವ ಹೊಗೆ. ಅದಕ್ಕೆ ಕೊಳಲು ಕೂಡಿಸಿ, ಕೊನೆಗೆ ಅವಳ ಮುಖದ ಫೋಟೊ ನಿಧಾನಕ್ಕೆ ಹತ್ತಿರ ಬರುವಂತೆ ಮಾಡಿದೆ. ನೋಡುವಾಗ ಮೈ ಜುಂ ಎಂದಿತು. ಚೆನ್ನಾಗಿ ಬಂದಿದೆ, ಅದಕ್ಕೇ ಹೀಗೆ ಎಂದುಕೊಂಡೆ. ಶುಕ್ರವಾರ ಸಂಜೆ ಅದನ್ನು ನೆಂಟರ ಗ್ರೂಪ್‌ಗೆ ಕಳಿಸಿದೆ. ಒಂದು ಅಕ್ಷರವನ್ನೂ ಜೊತೆಗೆ ಬರೆಯಲಿಲ್ಲ.

ಆ ಸಂಗೀತ ಬಳಸುವವಳು ನಾನೊಬ್ಬಳೇ ಅಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಯಾರಾದರೂ ತೀರಿಕೊಂಡರೆ ಫೋಟೊಗೆ ಹಾರ, ದೀಪ ಕೂರಿಸಿ ಶ್ರದ್ಧಾಂಜಲಿ ವಿಡಿಯೊ ಮಾಡಿಕೊಡುವ ಕುಣಿಗಲ್ ಕಡೆಯ ಸ್ಟುಡಿಯೊದವರೂ ಅದೇ ಕೊಳಲನ್ನು ಆರಿಸಿಕೊಂಡಿದ್ದರಂತೆ. ಆ ಕಡೆ ಅದು ಕೇಳಿದರೆ ಜನ ಫೋಟೊ ನೋಡುವ ಮೊದಲೇ, ಯಾರು ಹೋದರು ಎನ್ನುತ್ತಾರಂತೆ.

ಮಾರನೆಯ ಬೆಳಿಗ್ಗೆ ಹತ್ತರ ಹೊತ್ತಿಗೆ ನಿಟ್ಟೂರಿನಲ್ಲಿ ನಾನೂ ದೊಡ್ಡಮ್ಮನೂ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದೆವು. ಮನೆಯವರೆಲ್ಲ ತೋಟಕ್ಕೆ ಹೋಗಿದ್ದರು. ಬೀದಿಯ ತಿರುವಿನಲ್ಲಿ ಅಳು ಕೇಳಿಸಿತು.

"ಯಾರ್ ಮನೇದೇ ಅದು?" ಎಂದಳು ದೊಡ್ಡಮ್ಮ. "ಈ ಬೀದೀಲಿ ಯಾರೂ ಮಲಗಿರ್ಲಿಲ್ವಲ್ಲೇ."

ಅಳು ಹತ್ತಿರವಾಗುತ್ತ ಮಾತಾಯಿತು. "ಅಕ್ಕಾ, ನನ್ನ ಬುಟ್ಟು ಹೊಂಟೋದ್ಯಲ್ಲಾ. ಇನ್ಯಾರು ನಂಗೆ ಕಜ್ಜಾಯ ಕಟ್ಕೊಡೋರು."

ದೊಡ್ಡಮ್ಮನ ಕೈ ನಿಂತಿತು. ಆ ಅಳು ಯಾರಿಗಾಗಿ ಎಂಬುದು ನನಗಿಂತ ಮೊದಲು ಅವಳಿಗೇ ತಿಳಿಯಿತು.

ಕುಣಿಗಲ್ ಕಡೆಯ ಹುಲಿಯೂರುದುರ್ಗದಿಂದ ಅವಳ ತಮ್ಮ, ನಮ್ಮ ಮಾವ, ಬಾಳೆಲೆಯಲ್ಲಿ ಸುತ್ತಿದ ಹಾರ ಹಿಡಿದು ಬರುತ್ತಿದ್ದ. ಹಿಂದೆ ಅತ್ತೆ, ಕೈಯಲ್ಲಿ ಮಡಿಕೆ ಬಿಚ್ಚದ ಸೀರೆ. ಹೆಣ್ಣುಮಗಳು ಸತ್ತರೆ ಕೊನೆಯ ಸೀರೆ ತವರಿನದು. ಮಾವ ನಮ್ಮನ್ನು ನೋಡಿದ, ನಡುಬೀದಿಯಲ್ಲೇ ನಿಂತ. ಅಳು ಅರ್ಧಕ್ಕೆ ಕಡಿದುಹೋಯಿತು. ಅವನ ಕಣ್ಣು ದೊಡ್ಡಮ್ಮನ ಮುಖದಿಂದ ಜಾರಿ ಅವಳ ಪಾದದ ಮೇಲೆ ನಿಂತಿತು.

"ಕಾಲ್ ಏನ್ಲಾ ನೋಡ್ತೀಯ. ನೆಟ್ಟಗೇ ಅವೆ, ಬಾ ಒಳಕ್ಕೆ," ಎಂದಳು.

ಒಳಗೆ ಬಂದರೂ ಗೋಡೆಗೆ ಒತ್ತಿಕೊಂಡೇ ಕೂತ. ಫೋನ್ ಮಾಡಿ ಕೇಳಬಾರದಿತ್ತೇ ಎಂದೆ.

"ಸಾವಿನ್ ಮನೇಗೆ ಫೋನ್ ಮಾಡಿ, ನಿಜವಾ ಅಂತ ಕೇಳೋಕಾಯ್ತದೇನವ್ವ?" ಎಂದ. ಆಮೇಲೆ ತನ್ನ ಫೋನು ತೆಗೆದು ಆ ವಿಡಿಯೊ ಹಾಕಿದ. ಕೊಳಲು ಏರಿತು, ನಿಂತಿತು. ದೊಡ್ಡಮ್ಮ ತಾನಿಲ್ಲದ ಆ ಮಣೆಯನ್ನು ರೆಪ್ಪೆ ಬಡಿಯದೆ ನೋಡಿದಳು.

ನಾನು ತಪ್ಪಾಯಿತು ಎಂದೆ, ಗ್ರೂಪಿನಿಂದ ಅಳಿಸಿದೆ, ಮಿಕ್ಕವರಿಗೆಲ್ಲ ಫೋನ್ ಮಾಡಿ ಹೇಳಿದೆ. ಕಾಫಿಯಾಯಿತು. ಹೊರಡುವಾಗ ಅತ್ತೆ ಸೀರೆಯನ್ನು ಸೆರಗಿನಡಿಗೆ ಸೇರಿಸಿಕೊಂಡರು.

"ಹೆಣಕ್ಕೆ ಅಂತ ತಂದಿದ್ದು ವಾಪಸ್ ನಿಮ್ಮನೆಗೆ ಹೋಗ್ಬಾರ್ದು. ಕೊಡಿಲ್ಲಿ," ಎಂದು ದೊಡ್ಡಮ್ಮ ಕೈಚಾಚಿದಳು.

ಮುಂದಿನ ಶನಿವಾರ ಹೋದಾಗ ಅವಳು ಅದನ್ನೇ ಉಟ್ಟು ಒಲೆಯ ಮುಂದೆ ಕೂತಿದ್ದಳು. ಹೊಸ ಸೀರೆಯ ಗಂಜಿ ಇನ್ನೂ ಬಿಟ್ಟಿರಲಿಲ್ಲ. ಬಗ್ಗಿದಾಗೆಲ್ಲ ಸರಸರ ಎನ್ನುತ್ತಿತ್ತು. ನಾನು ಫೋನು ಹಿಡಿದು ಎದುರಿಗೆ ಕೂತೆ.

"ಆ ಕೊಳಲು ಇನ್ನೂ ಐತೇನೇ?" ಎಂದು ಕೇಳಿದಳು. "ಇರ್ಲಿ. ನಾನು ಹೋದಾಗ ಅದ್ನೇ ಹಾಕು. ನನ್ ತಮ್ಮ ಚೆನ್ನಾಗಿ ಅತ್ತ ಕಣೇ."

ಅಂಥ ಮಾತು ಬೇಡ ಎಂದೆ. ಅವಳು ಬಿಡಲಿಲ್ಲ. ಕೊನೆಗೆ ಇದ್ದದ್ದು ಹೇಳಿದೆ: ಅದು ಕೊಂಡುಕೊಂಡದ್ದಲ್ಲ ದೊಡ್ಡಮ್ಮ, ಚಂದಾ ನಡೆಯುವವರೆಗೆ ಮಾತ್ರ ಹೊಸ ವಿಡಿಯೊಗೆ ಹಾಕಬಹುದು. ಪುಕ್ಕಟೆ ದಿನ ಇವತ್ತಿಗೆ ಮುಗಿಯುತ್ತದೆ. ತಿಂಗಳಿಗೂ ಕಟ್ಟಬಹುದು, ವರ್ಷಕ್ಕೂ ಕಟ್ಟಬಹುದು.

"ತಿಂಗ್ಳಿಗೇ ಸಾಕು ಬುಡು. ವರ್ಷ ಅಂದ್ರೆ ಸುಮ್ನೆ ಅಷ್ಟ್ ದಿನ ಕಾಯ್ಬೇಕು," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ತಿಂಗಳು ಎಂದರೆ, ಪ್ರತಿ ತಿಂಗಳೂ ಕಟ್ಟುವಾಗ ನಾನು ಯಾವುದಕ್ಕೆ ಕಾದು ಕೂತಿದ್ದೇನೆ ಎಂದು ನನ್ನನ್ನೇ ಕೇಳಿಕೊಳ್ಳಬೇಕು. ವರ್ಷ ಎಂದರೆ ಅವಳಿಗೆ ನಾನೇ ಗಡುವು ಇಟ್ಟಂತೆ. ಬೇಡವೇ ಬೇಡ ಎಂದರೆ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆಂದಂತೆ. ಒಲೆಯ ಸೌದೆಯನ್ನು ಎರಡು ಸಲ ಮುಂದಕ್ಕೆ ತಳ್ಳಿ, ವರ್ಷ ಎಂಬುದನ್ನು ಒತ್ತಿದೆ.

ಈ ಸಂಗೀತ ಯಾವ ವಿಡಿಯೊಗೆ, ಹೆಸರು ಬರೆಯಿರಿ ಎಂದು ಫೋನು ಕೇಳಿತು. ಸರಸರ ಸದ್ದು ನನ್ನ ಬೆನ್ನ ಹಿಂದೆ ಬಂದು ನಿಂತಿತು.

"ನನ್ನ ಹೆಸರು ಹಾಕು," ಎಂದಳು.

ನಾನು ಹುರುಳಿಕಾಳಿನ ಬಸ್ಸಾರು ಎಂದು ಬರೆದೆ.

"ಬಸ್ಸಾರಿಗೆ ಅದ್ನ ಹಾಕಿದ್ರೆ ಅವ್ನು ಮತ್ತೆ ಬಸ್ ಹತ್ತಾನೆ," ಎಂದು ಒಲೆಯ ಮುಂದಕ್ಕೆ ಹೋದಳು.

ಬಸ್ಸಾರಿಗೆ ಬೇರೇನೋ ಹಾಕಿದೆ. ಕೊಳಲು ನನ್ನ ಫೋನಿನಲ್ಲಿ ಬಸ್ಸಾರಿನ ಹೆಸರಿನಲ್ಲೇ ಇದೆ. ಇನ್ನೂ ಯಾವುದಕ್ಕೂ ಹಾಕಿಲ್ಲ.