ಸೆವಸ್ತಿ ಕಟ್ಟಿದ ಕಪ್ಪು ವಸ್ತ್ರ

ಸೆವಸ್ತಿ ನಮ್ಮ ದ್ವೀಪದ ಶಾಲೆಗೆ ಮೊದಲು ಬಂದ ದಿನವೇ ಅವಳ ಜಡೆ ಬೆಂಚಿನ ಸಂದಿಗೆ ಸಿಕ್ಕಿಕೊಂಡಿತ್ತು. ಆರು ವರ್ಷದ ಹುಡುಗಿ. ಕತ್ತರಿ ತಂದವರ ಕೈ ಕಚ್ಚಿದಳು. ಕೊನೆಗೆ ಬೆಂಚಿನ ತಿರುಪುಗಳನ್ನೇ ಬಿಚ್ಚಬೇಕಾಯಿತು. ಜಡೆಯನ್ನು ಎದೆಗೆ ಅವುಚಿಕೊಂಡು, "ಒಂದೆಳೆಯೂ ಹೋಗ್ಲಿಲ್ಲ, ನೋಡಿ ಮೇಷ್ಟ್ರೇ" ಎಂದು ಕಣ್ಣೀರಿನಲ್ಲೇ ನಕ್ಕಳು.

ನಲವತ್ತೊಂದನೆಯ ವಯಸ್ಸಿನಲ್ಲಿ ಆ ಕೂದಲೆಲ್ಲ ಎರಡೇ ವಾರದಲ್ಲಿ ಉದುರಿಹೋಯಿತು. ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಮೂರು ವಾರಕ್ಕೊಮ್ಮೆ ಹಡಗು ಹತ್ತಿ ಅಥೆನ್ಸಿನ ಆಸ್ಪತ್ರೆಯಲ್ಲಿ ಔಷಧಿ ಏರಿಸಿಕೊಂಡು ಬರುತ್ತಿದ್ದಳು. ಊರಿಗೆ ಮಾತ್ರ ತಂಗಿಯ ಬಾಣಂತನವೆಂದು ಹೇಳಿದ್ದಳು. ಆ ಕಾಯಿಲೆಯ ಹೆಸರನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ಆ ಕೆಟ್ಟದ್ದು' ಎನ್ನುತ್ತಾರೆ. ಅವಳ ಗಂಡ ಪಂತೆಲಿ ಸರಕು ಹಡಗೊಂದರ ಎಂಜಿನ್ ಕೋಣೆಯಲ್ಲಿದ್ದ. ಪಿಂಚಣಿಗೆ ಬೇಕಾದ ಸೇವೆ ಮುಗಿಯಲು ಇನ್ನು ಏಳು ತಿಂಗಳು. ಸುದ್ದಿ ತಿಳಿದರೆ ಮುಂದಿನ ಬಂದರಿನಲ್ಲೇ ಇಳಿದು ಓಡಿಬರುವ ಮನುಷ್ಯ. ಊರಿನಲ್ಲಿ ಒಬ್ಬರಿಗೆ ಗೊತ್ತಾದರೆ ಅವನಿಗೂ ಗೊತ್ತಾದಂತೆಯೇ. ಆದ್ದರಿಂದ ಸೆವಸ್ತಿ ಕಿಟಕಿಗಳನ್ನು ಮುಚ್ಚಿಕೊಂಡು ಕುಳಿತಳು.

ಮನೆಯೇ ಸೆರೆಯಾಯಿತು. ಕಿಟಕಿಯ ಹಲಗೆಗಳ ಸಂದಿಯಿಂದ ಬೀದಿಯನ್ನು ಪಟ್ಟಿಪಟ್ಟಿಯಾಗಿ ನೋಡುವುದು, ಬಾಗಿಲು ತಟ್ಟಿದರೆ ಉಸಿರು ಬಿಗಿಹಿಡಿಯುವುದು. ಅಥೆನ್ಸಿನಿಂದ ತಂದ ವಿಗ್ಗಿನ ಸೆಕೆಗೆ ನೆತ್ತಿಯ ಮೇಲೆ ಗುಳ್ಳೆಗಳೆದ್ದವು. ಪಂತೆಲಿ ತಂದುಕೊಟ್ಟ ರೇಷ್ಮೆಯ ತಲೆವಸ್ತ್ರಗಳು ಪೆಟ್ಟಿಗೆಯ ತುಂಬ ಇದ್ದವು. ಬೋಳು ತಲೆಯ ಮೇಲೆ ಒಂದೂ ನಿಲ್ಲಲಿಲ್ಲ, ಜಾರಿ ಹೆಗಲಿಗೆ ಬಿದ್ದವು. ಗಟ್ಟಿಯಾಗಿ ನಿಂತದ್ದು ಒರಟು ಹತ್ತಿಯದೊಂದೇ: ತೀರಿಹೋದ ಅತ್ತೆ ವಿಧವೆಯಾದ ಮೇಲೆ ಕಟ್ಟುತ್ತಿದ್ದ ಕಪ್ಪು ವಸ್ತ್ರ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದುದು. ಮನೆಯೊಳಗೆ ನೋಡುವವರು ಯಾರು ಎಂದು ಅದನ್ನೇ ಕಟ್ಟಿಕೊಂಡಳು.

ಒಂದು ಶನಿವಾರ ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಮಲಗಿದ್ದ ಹೊತ್ತಿನಲ್ಲಿ, ನೀರಿನ ತೊಟ್ಟಿಯ ಮುಚ್ಚಳ ಗಾಳಿಗೆ ಹಾರಿತು. ಸೆವಸ್ತಿ ಅಂಗಳಕ್ಕೆ ಓಡಿದಳು. ತಲೆಯ ಮೇಲೇನಿದೆ ಎಂಬುದು ಮರೆತೇಹೋಗಿತ್ತು. ಎದುರು ಮಾಳಿಗೆಯಲ್ಲಿ ಅಂಜೂರ ಒಣಹಾಕುತ್ತಿದ್ದ ಗರುಫಲ್ಯಾ ಚಿಕ್ಕಮ್ಮ ನೋಡಿಬಿಟ್ಟಳು. ಗಂಡ ಸಮುದ್ರದಲ್ಲಿರುವವಳು ಕಪ್ಪು ಕಟ್ಟಿದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ.

ಸ್ವಲ್ಪ ಹೊತ್ತಿಗೆಲ್ಲ ಏಳೆಂಟು ಹೆಂಗಸರು, ಸಾವಿನ ಮನೆಗೆ ಒಯ್ಯುವ ಸಕ್ಕರೆಯಿಲ್ಲದ ಕಾಫಿ, ಒಣ ರೊಟ್ಟಿ ಹಿಡಿದು ಬಾಗಿಲು ನೂಕಿಕೊಂಡೇ ಬಂದರು.

"ನಮಗೊಂದು ಮಾತು ಹೇಳ್ಬಾರದಿತ್ತೇನೇ?" ಎಂದಳು ಗರುಫಲ್ಯಾ. "ಒಬ್ಬಳೇ ಕೂತು ಅಳ್ತಿದ್ದೀಯಲ್ಲೇ ಮಗಳೇ!"

"ಯಾರೂ ಸತ್ತಿಲ್ಲ ಚಿಕ್ಕಮ್ಮ. ತಲೆನೋವು, ಅದಕ್ಕೇ ಬಿಗಿದ್ಕೊಂಡೆ."

"ತಲೆನೋವಿಗೆ ಕಪ್ಪು ಕಟ್ತಾರೇನೇ? ನನ್ನ ಕಿವಿ ಮೇಲೇ ಹೂವಿಡ್ತೀಯಾ?"

ಅಷ್ಟರಲ್ಲಿ ಲೆಮೊನಿಯಾ ಓಡಿಬಂದಳು. ಏಳು ತಿಂಗಳ ಬಸುರಿ. ಅವಳ ಗಂಡ ಅದೇ ಹಡಗಿನಲ್ಲಿ ಅಡುಗೆಯವನು.

"ಅಕ್ಕಾ, ಹಡಗು ಮುಳುಗ್ತಾ? ಹೇಳಕ್ಕಾ!"

"ಇಲ್ಲ ಕಣೇ, ಹಡಗಿಗೆ ಏನೂ ಆಗಿಲ್ಲ."

"ಬಸುರಿ ಅಂತ ನನ್ನಿಂದ ಮುಚ್ಚಿಡ್ತಿದ್ದೀಯ."

ಹಡಗಿನ ಸುದ್ದಿಯೇನಿದ್ದರೂ ಬಂದರಿನ ಕಚೇರಿಗೇ ಬರುವುದು; ಅಲ್ಲಿ ವಿಚಾರಿಸೋಣವೆಂದರೆ ಅದಕ್ಕೆ ಸೋಮವಾರದವರೆಗೆ ಬೀಗ. ಲೆಮೊನಿಯಾ ನೆಲಕ್ಕೆ ಕುಸಿದು, ಸಾವಿನಲ್ಲಿ ಬಿಚ್ಚುವಂತೆ ಜಡೆ ಬಿಚ್ಚಿ, ಕೆನ್ನೆ ಪರಚಿಕೊಳ್ಳತೊಡಗಿದಳು.

ಸೆವಸ್ತಿ ಗೋಡೆಗೆ ಒರಗಿ ನಿಂತಳು. ಬೀದಿಯ ಬಾಗಿಲಲ್ಲಿ ಹೆಂಗಸರು, ಒಳಕೋಣೆಯ ಬಾಗಿಲಲ್ಲಿ ಗರುಫಲ್ಯಾ. ಅವಳು ಯಾವ ಸುಳ್ಳು ಹೇಳಿದರೂ ಇವರ ಪಾಲಿಗೆ ಹಡಗು ಮುಳುಗಿಯೇ ಇರುತ್ತಿತ್ತು. ನಿಜ ಹೇಳಿದರೆ ಪಂತೆಲಿ ಹಡಗಿನಿಂದ ಇಳಿಯುತ್ತಾನೆ. ನೆಲದ ಮೇಲೆ ಬಸುರಿಗೆ ಏದುಸಿರು ಹತ್ತಿತ್ತು.

ಸೆವಸ್ತಿ ಗಲ್ಲದ ಕೆಳಗಿನ ಗಂಟು ಬಿಚ್ಚಿದಳು.

ಅಳು ನಿಂತಿತು. ಬೋಳು ನೆತ್ತಿಯನ್ನೂ ಗುಳ್ಳೆಗಳನ್ನೂ ಎಲ್ಲರೂ ಕಂಡರು. "ಹೋಗಿರೋದು ಇಷ್ಟೇ," ಎಂದಳು. "ಗಂಡಸರೆಲ್ಲ ಚೆನ್ನಾಗಿದ್ದಾರೆ. ನನಗೆ ಆ ಕೆಟ್ಟದ್ದು ಬಂದಿದೆ. ಏಳು ಲೆಮೊನಿಯಾ, ಕೂದಲು ಕಟ್ಕೋ."

ಗರುಫಲ್ಯಾ ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಗದರಿದಳು: "ಕತ್ತೇ, ಇಷ್ಟು ದಿನ ಒಳಗೆ ಕೂತು ಏನು ತಿಂದ್ಯೇ?" ಎನ್ನುತ್ತ ಆ ಕಹಿ ಕಾಫಿಗೆ ಹಾಕಲು ಡಬ್ಬಿಗಳಲ್ಲಿ ಸಕ್ಕರೆ ಹುಡುಕಿದಳು.

ಪಂತೆಲಿಗೆ ಹೇಳಬೇಡಿರೆಂದು ಸೆವಸ್ತಿ ಒಬ್ಬೊಬ್ಬರ ಕೈಹಿಡಿದು ಬೇಡಿಕೊಂಡಳು. ಎಲ್ಲರೂ ಆಣೆಯಿಟ್ಟರು. ಹನ್ನೊಂದನೆಯ ದಿನ ಪಂತೆಲಿ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ. ಹೇಳಿದವರು ಯಾರೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ಅವಳು ಚೇತರಿಸಿಕೊಂಡ ಮೇಲೆ, ಉಳಿದಿದ್ದ ತಿಂಗಳುಗಳ ಸೇವೆಗೆ ಅವನು ಮತ್ತೆ ಹಡಗು ಹತ್ತಬೇಕಾಯಿತು.

ಈಗ ಅವನು ಮನೆಯಲ್ಲೇ ಇದ್ದಾನೆ. ಸೆವಸ್ತಿಗೆ ಐವತ್ತಾಯಿತು. ಕೂದಲು ಬೆಳ್ಳಗೆ, ಗುಂಗುರಾಗಿ ಮರಳಿ ಬಂದಿದೆ, ಜಡೆಗೆ ಸಾಲದು. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುವ ವಾರ ಆ ಮನೆಯ ಕಿಟಕಿಗಳು ಈಗಲೂ ಮುಚ್ಚಿಕೊಳ್ಳುತ್ತವೆ. ಉಳಿದ ದಿನಗಳಲ್ಲಿ ಅವಳು ಬೆಳಿಗ್ಗೆ ಬೀದಿಗೆ ಕಾಣುವಂತೆ ಹೊಸ್ತಿಲ ಬಳಿ ಕುಳಿತು ತಲೆ ಬಾಚಿಕೊಳ್ಳುತ್ತಾಳೆ.

"ಕೂದ್ಲು ನನ್ನ ಕಾಫಿಗೆ ಬೀಳುತ್ತೆ ಮಾರಾಯ್ತಿ, ಆ ಕಡೆ ತಿರುಗು," ಎನ್ನುತ್ತಾನೆ ಪಂತೆಲಿ.

"ಬೀಳ್ಲಿ ಬಿಡಿ. ನಂದೇ ತಾನೇ?"